ಟ್ಯಾಂಕಿನ ಮೈಮೇಲಿನ ಗುರುತು: ಯುದ್ಧದ್ದೋ, ಪರೀಕ್ಷೆಯದ್ದೋ?

ಪುತ್ತೂರಿನಿಂದ ಹೊರಟು ಸುಳ್ಯ, ಅರಂತೋಡು, ಸಂಪಾಜೆ ದಾಟಿ ಘಾಟಿ ಹತ್ತಿದರೆ ಮಡಿಕೇರಿ. ಕಡಬದವರು ಪಂಜದ ಕಡೆಯಿಂದ ಬಂದು ಸುಳ್ಯದಲ್ಲಿ ಇದೇ ದಾರಿ ಹಿಡಿಯುತ್ತಾರೆ. ಮಡಿಕೇರಿಗೆ ಹೋದವರು ರಾಜಾಸೀಟು, ಅಬ್ಬಿ ಜಲಪಾತ ನೋಡಿ ಬರುವುದು ಹಿಂದಿನಿಂದ ಇದ್ದ ರೂಢಿ. ಈಗ ಆ ಪಟ್ಟಿಗೆ ‘ಸನ್ನಿಸೈಡ್’ ಕೂಡ ಸೇರಿದೆ. ಜನರಲ್ ಕೆ.ಎಸ್. ತಿಮ್ಮಯ್ಯನವರ ಕುಟುಂಬದ ಆ ಮನೆ ಬಹುಕಾಲ ಆರ್‌ಟಿಒ ಕಚೇರಿಯಾಗಿತ್ತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಮ್ಮ ಮಕ್ಕಳು ಹೋಗಿ ನೋಡಬಹುದಾದ ಯುದ್ಧ ಟ್ಯಾಂಕೊಂದು ಅದರ ಆವರಣದಲ್ಲಿದೆ. ಅದು ರಷ್ಯನ್ ಮೂಲದ ಟಿ-55.

ಟ್ಯಾಂಕ್ ಕಂಡ ಮಕ್ಕಳು ಮೊದಲು ಕೇಳುವುದು, ಇದಕ್ಕೆ ಗುಂಡು ತಾಗಿದ್ದೆಲ್ಲಿ ಎಂದು. ಒಳ್ಳೆಯ ಪ್ರಶ್ನೆ. ಜೊತೆಗಿದ್ದ ದೊಡ್ಡವರು ಯಾವುದೋ ತೂತನ್ನೋ ತಗ್ಗನ್ನೋ ತೋರಿಸಿ ಯುದ್ಧದಲ್ಲಿ ಆದದ್ದು ಎಂದುಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ. ಪ್ರದರ್ಶನದಲ್ಲಿರುವ ಟ್ಯಾಂಕಿನ ಮೇಲೆ ಕಾರ್ಖಾನೆಯಲ್ಲೇ ಬಿಟ್ಟ ರಂಧ್ರಗಳಿರುತ್ತವೆ, ಎರಕದ ಒರಟು ಇರುತ್ತದೆ, ನಿವೃತ್ತಿಯ ವೇಳೆ ಕೊಯ್ದ, ಬೆಸೆದ ಗುರುತುಗಳಿರುತ್ತವೆ, ಲಾರಿಗೆ ಹೇರುವಾಗ ಆದ ಗೀರುಗಳಿರುತ್ತವೆ. ಗುರಿ ಅಭ್ಯಾಸದ ಮೈದಾನದಲ್ಲಿ ನಿಲ್ಲಿಸಿ ಹೊಡೆದ ಟ್ಯಾಂಕಾದರೆ ನಿಜವಾದ ಶೆಲ್ಲಿನ ತೂತುಗಳೇ ಇರುತ್ತವೆ, ಆದರೆ ಅವು ಶತ್ರು ಮಾಡಿದ್ದಲ್ಲ. ಯುದ್ಧದ ಗಾಯ ಇವುಗಳಲ್ಲಿ ಒಂದು ಬಗೆ ಮಾತ್ರ. ಅದನ್ನು ಉಳಿದವುಗಳಿಂದ ಬೇರ್ಪಡಿಸುವುದಕ್ಕೆ ಒಂದು ಕ್ರಮವಿದೆ. ಎನ್‌ಸಿಸಿ ಘಟಕದವರು, ಇತಿಹಾಸದ ಅಧ್ಯಾಪಕರು, ನಿವೃತ್ತ ಯೋಧರು, ಪ್ಲಸ್ ಟು ಮಟ್ಟದ ಭೌತಶಾಸ್ತ್ರ ಗೊತ್ತಿರುವ ವಿದ್ಯಾರ್ಥಿಗಳು, ಯಾರು ಬೇಕಾದರೂ ಕಲಿಯಬಹುದು.

ಮೊದಲೇ ಒಂದು ಮಾತು. ತಿಮ್ಮಯ್ಯನವರ ಹೆಸರು ಟ್ಯಾಂಕ್ ಯುದ್ಧದ ಚರಿತ್ರೆಯಲ್ಲಿ ದೊಡ್ಡದು. 1948ರ ನವೆಂಬರ್ 1ರಂದು ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಕಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ ದಾಳಿ ನಡೆಸಿದಾಗ ಅಲ್ಲಿಯ ಸೇನಾ ಡಿವಿಜನ್ನಿನ ದಂಡನಾಯಕ ಅವರೇ. ಸೇತುವೆಗಳು ಭಾರ ತಾಳುವುದಿಲ್ಲವೆಂದು ಟರೆಟ್ಟುಗಳನ್ನು (ತೋಪು ಹೊತ್ತು ತಿರುಗುವ ಮೇಲ್ಭಾಗ) ಬಿಚ್ಚಿ ಸಾಗಿಸಿ, ಮೇಲೆ ಮತ್ತೆ ಜೋಡಿಸಿದ್ದರು. ಆದರೆ ಸನ್ನಿಸೈಡ್ ಅಂಗಳದ ಟಿ-55 ಆ ಯುದ್ಧದ್ದಲ್ಲ. ತಿಮ್ಮಯ್ಯ 1961ರಲ್ಲಿ ನಿವೃತ್ತರಾದರು. ಟಿ-54, ಟಿ-55ಗಳು ಭಾರತಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅದಾದ ಮೇಲೆ. ವ್ಯಕ್ತಿಯ ಚರಿತ್ರೆ ಬೇರೆ, ಯಂತ್ರದ ಚರಿತ್ರೆ ಬೇರೆ. ಗುರುತು ಓದಲು ಹೊರಟವರು ಈ ಎರಡನ್ನು ಕಲಸಬಾರದು.

ಗಾಯ ಹುಡುಕುವ ಮುಂಚೆ ಮೈ ಗೊತ್ತಿರಲಿ

ಟಿ-55 ಸುಮಾರು 36 ಟನ್ ತೂಕದ, ನಾಲ್ವರು ಕುಳಿತು ನಡೆಸುವ ಟ್ಯಾಂಕ್. ಪ್ರತಿ ಬದಿಯಲ್ಲಿ ಐದು ದೊಡ್ಡ ಚಕ್ರ. ಮುಂದಿನಿಂದ ಎಣಿಸಿದರೆ ಒಂದನೆಯ ಮತ್ತು ಎರಡನೆಯ ಚಕ್ರದ ನಡುವೆ ಅಂತರ ಹೆಚ್ಚು. ಈ ಅಂತರವನ್ನು ಕಂಡು ‘ಇಲ್ಲೊಂದು ಚಕ್ರ ಹಾರಿಹೋಗಿದೆ’ ಎನ್ನುವವರಿದ್ದಾರೆ. ಹಾರಿಲ್ಲ, ವಿನ್ಯಾಸವೇ ಹಾಗೆ.

ಒಡಲು ಚಪ್ಪಟೆ ಉಕ್ಕಿನ ತಟ್ಟೆಗಳನ್ನು ಬೆಸೆದು ಮಾಡಿದ್ದು, ಟರೆಟ್ ಎರಕ ಹೊಯ್ದದ್ದು. ಹಾಗಾಗಿ ಟರೆಟ್ಟಿನ ಮೈ ಸಹಜವಾಗಿಯೇ ಒರಟು. ಅಲ್ಲಲ್ಲಿ ಸಣ್ಣ ಕುಳಿ, ಅಚ್ಚಿನ ಗೆರೆ, ಉಬ್ಬಿದ ಅಂಕೆಗಳು, ಗ್ರೈಂಡರ್ ಆಡಿಸಿದ ಜಾಗ ಕಾಣುತ್ತವೆ. ಮುಂಭಾಗದ ಇಳಿಜಾರು ತಟ್ಟೆ 100 ಮಿ.ಮೀ. ದಪ್ಪ, ಬದಿಯ ತಟ್ಟೆ 80 ಮಿ.ಮೀ. ಮುಂದಿನ ತಟ್ಟೆ ಲಂಬದಿಂದ 60 ಡಿಗ್ರಿ ಓರೆಯಾಗಿರುವುದರಿಂದ ಎದುರಿನಿಂದ ನೇರ ಬರುವ ಗುಂಡು 200 ಮಿ.ಮೀ. ಉಕ್ಕನ್ನು ಕೊರೆಯಬೇಕಾಗುತ್ತದೆ. ಕೊಸೈನ್ 60 ಅರ್ಧ ಎಂದು ಹತ್ತನೆಯ ತರಗತಿಯಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಕಾರ್ಖಾನೆಯೇ ಬಿಟ್ಟ ರಂಧ್ರಗಳು. ಟರೆಟ್ಟಿನಲ್ಲಿ ದೊಡ್ಡ ಬ್ಯಾರೆಲ್ಲಿನ ಒಂದು ಪಕ್ಕ ಮೆಷಿನ್‌ಗನ್ನಿನ ಕಿಂಡಿ, ಇನ್ನೊಂದು ಪಕ್ಕ ಗುರಿಕಾರನ ದರ್ಶಕದ ಕಿಂಡಿ. ಮೊದಮೊದಲ ಮಾದರಿಗಳಲ್ಲಿ ಇನ್ನೂ ಒಂದಿದೆ. ಮುಂಭಾಗದ ಓರೆ ತಟ್ಟೆಯ ನಡುಮಧ್ಯೆ ಬೆರಳು ತೂರುವಷ್ಟು ದೊಡ್ಡ ಒಂದು ತೂತು. ಚಾಲಕ ಒತ್ತುಗುಂಡಿ ಅದುಮಿ ಹಾರಿಸುತ್ತಿದ್ದ ಸ್ಥಿರ ಮೆಷಿನ್‌ಗನ್ ಅದರ ಹಿಂದೆ ಇರುತ್ತಿತ್ತು. ಮುಂದಿನ ಟಿ-55ಎ ಮಾದರಿಯಲ್ಲಿ ಅದನ್ನು ತೆಗೆದರು. ಅಷ್ಟು ದಪ್ಪ ತಟ್ಟೆಯ ಸರಿಮಧ್ಯದಲ್ಲಿ ದುಂಡಗಿನ ತೂತು ಕಂಡರೆ ಯಾರಿಗೂ ಗುಂಡಿನದ್ದೇ ಅನಿಸೀತು. ಅಂಚು ಯಂತ್ರದಲ್ಲಿ ಕೊರೆದಷ್ಟು ನಯವಾಗಿದೆಯೇ, ಸ್ಥಾನ ಅಳೆದಂತೆ ನಟ್ಟನಡುವೆ ಇದೆಯೇ ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

ಬ್ಯಾರೆಲ್ ಕೂಡ ಮಾತಾಡುತ್ತದೆ. ಟಿ-55ಕ್ಕೆ ಮೂಲದಲ್ಲಿದ್ದದ್ದು 100 ಮಿ.ಮೀ. ತೋಪು. ಅದರ ಹೊಗೆ ಹೀರುವ ದಪ್ಪ ಉಬ್ಬು ಮೂತಿಯ ತುದಿಯಲ್ಲೇ ಇರುತ್ತದೆ. ಭಾರತೀಯ ಸೇನೆ ನಂತರ ಅನೇಕ ಟಿ-55ಗಳಿಗೆ 105 ಮಿ.ಮೀ. ತೋಪು ಕೂರಿಸಿತು. ಅದರಲ್ಲಿ ಉಬ್ಬು ಮೂತಿಯಿಂದ ಸಾಕಷ್ಟು ಹಿಂದಕ್ಕಿರುತ್ತದೆ. ಇದನ್ನು ನೆನಪಿಡಿ, ಮುಂದೆ ಕಾಲನಿರ್ಣಯಕ್ಕೆ ಬೇಕಾಗುತ್ತದೆ.

ತೂತಿನ ಅಂಚು ಹೇಳುವ ಸುದ್ದಿ

ಹೊಸಬರು ಮಾಡುವ ಮೊದಲ ಕೆಲಸ ತೂತಿನ ಅಗಲ ಅಳೆದು ‘ಇದು ಇಂಥ ತೋಪಿನದು’ ಎಂದು ತೀರ್ಮಾನಿಸುವುದು. ಅಗಲಕ್ಕಿಂತ ಮೊದಲು ಅಂಚನ್ನು ನೋಡಬೇಕು. ಯಾವ ಜಾತಿಯ ಗುಂಡು ಎಂದು ಗೊತ್ತಾಗದೆ ಅಳತೆಗೆ ಅರ್ಥ ಬರುವುದಿಲ್ಲ.

ಗಟ್ಟಿ ಉಕ್ಕಿನ ಕವಚಭೇದಿ ಗುಂಡು ತನ್ನ ತೂಕ ಮತ್ತು ವೇಗದಿಂದಲೇ ತಟ್ಟೆಯನ್ನು ತಳ್ಳಿಕೊಂಡು ಒಳಹೋಗುತ್ತದೆ. ಜಾಗ ಬಿಡಬೇಕಾದ ಉಕ್ಕು ಹೊರಕ್ಕೂ ಒಳಕ್ಕೂ ಹರಿಯುತ್ತದೆ. ಹೀಗಾಗಿ ತೂತಿನ ಸುತ್ತ ಹೊರಮೈಯಲ್ಲಿ ತುಟಿಯಂತೆ ಮಡಚಿದ ಅಂಚು ಎದ್ದಿರುತ್ತದೆ. ಒಳಮೈಯಲ್ಲಿ ಉಬ್ಬಿ ಒಡೆದ ಚಕ್ಕೆಗಳ ಗುರುತಿರುತ್ತದೆ. ಈ ಜಾತಿಯ ತೂತಿನ ಅಗಲ ಮಾತ್ರ ತೋಪಿನ ವ್ಯಾಸಕ್ಕೆ ಹತ್ತಿರ ಬರುತ್ತದೆ. ಓರೆಯಾಗಿ ತಾಗಿದರೆ ತೂತು ಮೊಟ್ಟೆಯಾಕಾರ. ಅಗಲವನ್ನು ಉದ್ದದಿಂದ ಭಾಗಿಸಿದರೆ ಓರೆಯ ಅಂದಾಜು ಸಿಗುತ್ತದೆ. 10 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದವಿದ್ದರೆ ತಟ್ಟೆಗೆ ಲಂಬವಾಗಿ ಎಳೆದ ಗೆರೆಯಿಂದ ಗುಂಡು ಸುಮಾರು 60 ಡಿಗ್ರಿ ವಾಲಿ ಬಂದಿದೆ. ಭಾರದ ಗುಂಡು ತಟ್ಟೆಗೆ ತಾಗುತ್ತಲೇ ಸ್ವಲ್ಪ ತಿರುಗುವುದೂ ಉಂಟು, ಆದ್ದರಿಂದ ಇದು ಅಂದಾಜು ಮಾತ್ರ. ತೀರಾ ಓರೆಯಾದರೆ ಒಳಹೋಗದೆ ಉದ್ದನೆಯ ತೋಡು ಕೊರೆದು ಹಾರಿಹೋಗುತ್ತದೆ. ಸಾಮಾನ್ಯವಾಗಿ ಲೋಹ ರಾಶಿ ಬಿದ್ದಿರುವ ತುದಿಯ ಕಡೆಗೆ ಗುಂಡು ಸಾಗಿದೆ ಎಂದು ತಿಳಿಯಬೇಕು.

ಎಪಿಡಿಎಸ್ ಎಂಬ ಗುಂಡಿನಲ್ಲಿ ಕೊರೆಯುವುದು ಟಂಗ್‌ಸ್ಟನ್ ಮಿಶ್ರಣದ ಸಣ್ಣ ತಿರುಳು. ಅದನ್ನು ಸುತ್ತುವರಿದ ಹಗುರ ಕವಚ ಬ್ಯಾರೆಲ್ ಬಿಟ್ಟೊಡನೆ ಕಳಚಿಕೊಳ್ಳುತ್ತದೆ. 105 ಮಿ.ಮೀ. ತೋಪಿನಿಂದ ಬಂದರೂ ತೂತು ಬಹಳ ಚಿಕ್ಕದು. ಅಳತೆಪಟ್ಟಿ ಮಾತ್ರ ಹಿಡಿದು ಹೋದವರು ಇದನ್ನು ಯಾವುದೋ ಸಣ್ಣ ತೋಪಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಇನ್ನೊಂದು ಜಾತಿ ಹೀಟ್. ಶಂಕುವಿನಾಕಾರದ ತಾಮ್ರದ ಒಳಪದರದ ಹಿಂದೆ ಸಿಡಿಮದ್ದು. ತಾಗಿ ಸಿಡಿದಾಗ ತಾಮ್ರ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದ ಸಣ್ಣ ಧಾರೆಯಾಗಿ ಚಿಮ್ಮಿ ಕವಚವನ್ನು ಸೀಳುತ್ತದೆ. ಕರಗಿಸಿ ಸುಟ್ಟುಕೊಂಡು ಹೋಗುತ್ತದೆ ಎಂಬ ಮಾತು ಬಹಳ ಪ್ರಚಲಿತ, ಆದರೆ ಸರಿಯಲ್ಲ. ಕೆಲಸ ಮಾಡುವುದು ಒತ್ತಡ. ಆ ಒತ್ತಡದಲ್ಲಿ ಗಟ್ಟಿ ಉಕ್ಕೇ ದ್ರವದಂತೆ ಪಕ್ಕಕ್ಕೆ ಸರಿಯುತ್ತದೆ. ಹೊರಗಿನಿಂದ ಕಾಣುವುದು ಹೆಬ್ಬೆರಳು ತೂರುವಷ್ಟು ತೂತು, ಅದರ ಸುತ್ತ ಸಿಡಿತ ಎಬ್ಬಿಸಿದ ಚಿಕ್ಕ ಚಿಕ್ಕ ಚುಕ್ಕೆ-ಗೀರುಗಳ ವರ್ತುಲ. 1965ರ ಸೆಪ್ಟೆಂಬರಿನಲ್ಲಿ ಖೇಮಕರಣ ವಲಯದ ಅಸಲ್ ಉತ್ತರ್‌ನಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿನ 106 ಮಿ.ಮೀ. ರಿಕಾಯಿಲ್‌ಲೆಸ್ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು, ಅಲ್ಲೇ ವೀರಮರಣ ಹೊಂದಿ, ಪರಮವೀರ ಚಕ್ರ ಪಡೆದರು. ಆ ತೋಪು ಹಾರಿಸುವ ಹೀಟ್ ಗುಂಡು ಕವಚದಲ್ಲಿ ಕೊರೆಯುವ ತೂತು 106 ಮಿ.ಮೀ.ಗಿಂತ ಎಷ್ಟೋ ಸಣ್ಣದು. ಸಣ್ಣ ತೂತು ಕಂಡು ಸಣ್ಣ ಏಟು ಎಂದು ಭಾವಿಸಬಾರದು.

ಹೆಶ್ ಎಂಬುದು ಗುರುತಿಸಲು ಕಷ್ಟವಾದ ಜಾತಿ. ಅದರ ಮದ್ದು ತಟ್ಟೆಯ ಮೇಲೆ ಅಪ್ಪಚ್ಚಿಯಾಗಿ ಅಂಟಿಕೊಂಡು ಆಮೇಲೆ ಸಿಡಿಯುತ್ತದೆ. ಹೊರಗೆ ಅಗಲವಾದ ಆಳವಿಲ್ಲದ ತಗ್ಗು ಮಾತ್ರ, ತೂತೇ ಇಲ್ಲ. ಆದರೆ ಗೋಡೆಯ ಒಂದು ಬದಿಗೆ ಸುತ್ತಿಗೆಯಿಂದ ಬಡಿದರೆ ಇನ್ನೊಂದು ಬದಿಯ ಗಾರೆ ಉದುರುವಂತೆ, ಒಳಮೈಯಿಂದ ಊಟದ ತಟ್ಟೆಯಷ್ಟು ದೊಡ್ಡ ಚಕ್ಕೆ ಕಿತ್ತು ಒಳಗಿದ್ದವರ ಮೇಲೆ ಹಾರುತ್ತದೆ. ಹೊರಗಿನಿಂದ ಮಾತ್ರ ನೋಡಿ ‘ಏನೂ ಆಗಿಲ್ಲ’ ಎಂದು ಬರೆಯುವುದು ಇಂಥ ಟ್ಯಾಂಕಿನ ಸಿಬ್ಬಂದಿಗೆ ಮಾಡುವ ಅನ್ಯಾಯ.

ಸಾಧಾರಣ ಸಿಡಿಗುಂಡು, ಮೆಷಿನ್‌ಗನ್ ಗುಂಡುಗಳ ವಿಷಯ ಸುಲಭ. ಕವಚದಲ್ಲಿ ಮೇಲ್ಮೈ ಚುಕ್ಕೆಗಳು, ತಗಡಿನ ಪೆಟ್ಟಿಗೆಗಳಲ್ಲಿ ಹರಿದ ತೂತುಗಳು. ನೆಲಬಾಂಬಿನ ಗುರುತು ಕೆಳಗಡೆ ಹುಡುಕಬೇಕು: ಮೇಲಕ್ಕೆ ಉಬ್ಬಿದ ತಳ, ಕಿತ್ತುಹೋದ ಚಕ್ರದ ತೋಳು, ಉಳಿದವುಗಳಿಗಿಂತ ಬೇರೆ ಕಾಲದ ಚೈನಿನ ಕೊಂಡಿಗಳು.

ಬೆಂಕಿ ಬೇರೆಯೇ ವಿಷಯ. ಹೊತ್ತಿ ಉರಿದ ಟ್ಯಾಂಕಿನಲ್ಲಿ ಚಕ್ರಗಳ ರಬ್ಬರ್ ಇರುವುದಿಲ್ಲ. ಒಡಲನ್ನು ಎತ್ತಿ ಹಿಡಿದಿದ್ದ ತಿರುಚು ಸರಳುಗಳು ಕಾಯ್ದು ಹದ ಕಳೆದುಕೊಂಡು ಟ್ಯಾಂಕ್ ಕುಸಿದು ಕೂತಿರುತ್ತದೆ. ಅಲ್ಯೂಮಿನಿಯಂ ಭಾಗಗಳು ಕರಗಿ ಹನಿಹನಿಯಾಗಿ ಗಟ್ಟಿಯಾಗಿರುತ್ತವೆ. ಒಳಗಿನ ಮದ್ದು ಸಿಡಿದಿದ್ದರೆ ಬೆಸುಗೆಯ ಸಾಲುಗಳು ಒಳಗಿನಿಂದ ಹೊರಕ್ಕೆ ಬಿರಿದಿರುತ್ತವೆ. ಬಣ್ಣ ಎಷ್ಟು ಬಳಿದರೂ ಕುಸಿದ ಸರಳು ಎದ್ದು ನಿಲ್ಲದು.

ಗುರಿ ಮೈದಾನದ ಏಟು ಗುರುತಿಸುವುದು

ಶತ್ರುವಿನ ಟ್ಯಾಂಕ್ ಕೈಗೆ ಸಿಕ್ಕರೆ ಪ್ರತಿ ಸೇನೆಯೂ ಅದಕ್ಕೆ ಹೊಡೆದು ನೋಡುತ್ತದೆ. ಜರ್ಮನಿಯ ಟೈಗರ್ ಲೆನಿನ್‌ಗ್ರಾಡ್ ಬಳಿ ರಷ್ಯನ್ನರ ಕೈಸೇರಿದಾಗ 1943ರ ಏಪ್ರಿಲಿನಲ್ಲಿ ಕುಬಿಂಕಾದ ಮೈದಾನದಲ್ಲಿ ತಮ್ಮ ಬೇರೆ ಬೇರೆ ತೋಪುಗಳಿಂದ ಅದಕ್ಕೆ ಹೊಡೆದು, ಯಾವುದು ಎಲ್ಲಿ ಎಷ್ಟು ದೂರದಿಂದ ಭೇದಿಸುತ್ತದೆ ಎಂದು ಬರೆದಿಟ್ಟರು. ತನ್ನದೇ ನಿವೃತ್ತ ಟ್ಯಾಂಕುಗಳನ್ನು ಫಿರಂಗಿ ಅಭ್ಯಾಸಕ್ಕೆ ಗುರಿಯಾಗಿ ನಿಲ್ಲಿಸುವುದೂ ಲೋಕರೂಢಿ.

ಪರೀಕ್ಷೆಯ ಏಟಿಗೆ ಒಂದು ಶಿಸ್ತು ಇರುತ್ತದೆ. ಏಟುಗಳು ಒಂದೇ ಮುಖದಲ್ಲಿ, ಒಂದರ ಪಕ್ಕ ಒಂದು, ಅಳತೆ ಇಟ್ಟಂತೆ ಬಿದ್ದಿರುತ್ತವೆ. ಒಂದೇ ತಟ್ಟೆಯ ಮೇಲೆ ಮೂರು ನಾಲ್ಕು ಜಾತಿಯ ಗುಂಡುಗಳ ಗುರುತು ಇರುತ್ತದೆ. ಯುದ್ಧದಲ್ಲಿ ಒಂದೇ ಟ್ಯಾಂಕಿಗೆ ಅಷ್ಟು ಬಗೆಯ ತೋಪುಗಳು ಒಂದೇ ಕೋನದಿಂದ ಹೊಡೆಯುವುದು ಅಪರೂಪ. ಏಟಿನ ಸುತ್ತ ಬಣ್ಣದ ವೃತ್ತ, ಪಕ್ಕದಲ್ಲಿ ಅಂಕೆ ಬರೆದಿದ್ದರೆ ಸಂಶಯವೇ ಬೇಡ. ಮೇಲೆ ಹೊಸ ಬಣ್ಣ ಬಳಿದಿದ್ದರೂ ಇಳಿಬಿಸಿಲಿನಲ್ಲಿ ಕೆಳಗಿನ ಅಂಕೆಯ ದಪ್ಪ ಕಾಣಿಸುವುದುಂಟು. ಉಕ್ಕಿನ ಗುಣ ಪರೀಕ್ಷಿಸಲು ಗ್ಯಾಸ್ ಕಟ್ಟಿಂಗ್‌ನಲ್ಲಿ ಚೌಕವಾಗಿ ಕೊಯ್ದು ತೆಗೆದ ತುಂಡಿನ ಜಾಗ ಇದ್ದರೆ ಅದೂ ಪ್ರಯೋಗದ್ದೇ. ಗುಂಡು ಎಂದೂ ಚೌಕ ತೂತು ಮಾಡುವುದಿಲ್ಲ.

ಯುದ್ಧದ ಏಟು ಅಷ್ಟು ಅಚ್ಚುಕಟ್ಟಲ್ಲ. ಅದು ಸಿಕ್ಕ ಕಡೆ ಬಿದ್ದಿರುತ್ತದೆ. ಟ್ಯಾಂಕ್ ತಿರುಗುವಾಗ ಬದಿಗೆ, ಹಿಮ್ಮೆಟ್ಟುವಾಗ ಹಿಂಭಾಗಕ್ಕೆ, ದಿಬ್ಬದ ಮರೆಯಲ್ಲಿ ಒಡಲು ಅಡಗಿಸಿ ನಿಂತಿದ್ದರೆ ಟರೆಟ್ಟಿಗೆ ಮಾತ್ರ. ಬ್ರಿಟನ್ನಿನ ಬೊವಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿರುವ ಟೈಗರ್ 131 ಇದಕ್ಕೆ ಜಗತ್ತಿನಲ್ಲೇ ಹೆಚ್ಚು ಅಭ್ಯಾಸವಾದ ಉದಾಹರಣೆ. 1943ರ ಏಪ್ರಿಲಿನಲ್ಲಿ ಟ್ಯುನೀಶಿಯದಲ್ಲಿ ಬ್ರಿಟಿಷರ ಚರ್ಚಿಲ್ ಟ್ಯಾಂಕಿನ 57 ಮಿ.ಮೀ. ಗುಂಡೊಂದು ಅದರ ಬ್ಯಾರೆಲ್ಲಿನ ಕೆಳಮೈಗೆ ಉಜ್ಜಿ ಜಾರಿ ಟರೆಟ್ ತಿರುಗುವ ಬಳೆಯ ಸಂದಿಗೆ ನಾಟಿತು. ಕವಚ ಭೇದಿಸಲಿಲ್ಲ, ಆದರೆ ಟರೆಟ್ ಸಿಕ್ಕಿಕೊಂಡಿತು, ಸಿಬ್ಬಂದಿ ಇಳಿದು ಓಡಿದರು. ಆ ಗುರುತುಗಳನ್ನು ವಸ್ತುಸಂಗ್ರಹಾಲಯ ಮುಚ್ಚದೆ ಉಳಿಸಿತು. ಅದು ಸಿಕ್ಕಿದ ಜಾಗ ಜೆಬೆಲ್ ಜಾಫ್ಫಾ ಎಂದು ದಶಕಗಳ ಕಾಲ ನಂಬಿದ್ದರು. ಮುಂದೆ ಯೋಧನೊಬ್ಬನ ಕುಟುಂಬದವರ ನೆನಪು, ದಾಖಲೆ, ಟ್ಯಾಂಕಿನ ಮೇಲಿನ ಏಟು ಇವನ್ನೆಲ್ಲ ತಾಳೆ ನೋಡಿ ಗೆರಿಯಾತ್ ಅಲ್ ಅತಾಶ್ ಎಂಬ ಬೇರೆ ಜಾಗ ಎಂದು ತಿದ್ದಿದರು. ಗುರುತು ಉಳಿದಿದ್ದರಿಂದ ತಿದ್ದಲು ಸಾಧ್ಯವಾಯಿತು. ಪುಟ್ಟಿ ತುಂಬಿ ನಯ ಮಾಡಿಬಿಟ್ಟಿದ್ದರೆ?

ಮೊದಲು ಯಾವುದು, ಆಮೇಲೆ ಯಾವುದು

ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳು ಇಲ್ಲಿದೆ. ಒಂದು ಗುರುತು ಇನ್ನೊಂದರ ಮೇಲೆ ಬಿದ್ದಿದ್ದರೆ ಮೇಲಿನದು ಹೊಸತು. ಏಟು ಬೆಸುಗೆಯನ್ನು ಸೀಳಿದ್ದರೆ ಬೆಸುಗೆ ಮೊದಲಿನದು. ಏಟಿನ ಮೇಲೆ ಬೆಸುಗೆ ಹರಿದಿದ್ದರೆ ಏಟು ಮೊದಲಿನದು. ಟ್ಯಾಂಕನ್ನು ಪ್ರದರ್ಶನಕ್ಕೆ ಕೊಡುವ ಮುಂಚೆ ಮುಚ್ಚಳಗಳನ್ನು ಬೆಸೆದು ಮುಚ್ಚಿ, ತೋಪನ್ನು ಹಾರಿಸಲಾಗದಂತೆ ನಿಷ್ಕ್ರಿಯಗೊಳಿಸುವುದು ವಾಡಿಕೆ. ಆ ಬೆಸುಗೆಯನ್ನೇ ಒಂದು ಗೀರು ಕತ್ತರಿಸಿದ್ದರೆ ಅದು ಸೇನೆ ಬಿಟ್ಟ ಮೇಲಿನದು, ಬಹುಶಃ ಕ್ರೇನಿನ ಸರಪಳಿಯದು.

ಸೇನೆಯ ನಡವಳಿಕೆಯೂ ಕಾಲನಿರ್ಣಯಕ್ಕೆ ಸಹಾಯ ಮಾಡುತ್ತದೆ. ಕವಚ ತೂತಾದ ಟ್ಯಾಂಕನ್ನು ಸೇನೆಯ ದುರಸ್ತಿ ದಳವಾದ ಇಎಂಇಯ ವರ್ಕ್‌ಶಾಪಿನವರು ತೂತು ಮುಚ್ಚಿ, ಬೆಸೆದು, ಗ್ರೈಂಡ್ ಮಾಡಿ ಮತ್ತೆ ರೆಜಿಮೆಂಟಿಗೆ ಕಳಿಸುತ್ತಾರೆ, ಇಲ್ಲವಾದರೆ ಅದು ಸೇವೆಯಿಂದ ಹೊರಗೆ. ಬಾಯ್ದೆರೆದ ತೂತು ಇಟ್ಟುಕೊಂಡು ಯಾವ ಟ್ಯಾಂಕೂ ಮೂವತ್ತು ವರ್ಷ ಸೇವೆ ಮಾಡುವುದಿಲ್ಲ. ಈಗ 105 ಮಿ.ಮೀ. ಬ್ಯಾರೆಲ್ ನೆನಪಿಸಿಕೊಳ್ಳಿ. 1971ರ ಪಾಕಿಸ್ತಾನ ಯುದ್ಧದಲ್ಲಿ ಇದ್ದ ಟಿ-55, ಆಮೇಲೆ ಹೊಸ ತೋಪು ಕೂರಿಸಿಕೊಂಡು ಬಹುಕಾಲ ಸೇವೆ ಮಾಡಿದೆ. ಅಂಥದರ ಒಡಲಿನಲ್ಲಿ ಮುಚ್ಚದ ತೂತು ಇದ್ದರೆ ಅದು 1971ರದ್ದಾಗಲಾರದು. ನಿವೃತ್ತಿಯ ನಂತರ ಗುರಿ ಮೈದಾನದಲ್ಲಿ ಆದದ್ದು ಎಂದೇ ಮೊದಲ ಊಹೆ. ಬದಲಿಗೆ, ಸುತ್ತಲಿನ ತಟ್ಟೆಗಿಂತ ನಯವಾದ, ದುಂಡನೆಯ, ಹಲವು ಪದರ ಬಣ್ಣದಡಿ ಹುದುಗಿದ ಒಂದು ತೇಪೆ ಕಣ್ಣಿಗೆ ಬಿದ್ದರೆ ಅದನ್ನು ಕಂಡು ರೋಮಾಂಚನವಾಗಬೇಕು. ಏಟು ತಿಂದು ವಾಸಿಯಾಗಿ ಮತ್ತೆ ಸಾಲಿಗೆ ಮರಳಿದ ಟ್ಯಾಂಕ್ ಅದಾಗಿರಬಹುದು. ದೊಡ್ಡ ತೂತಿನ ಮುಂದೆ ಸೆಲ್ಫಿ ತೆಗೆಯುವವರು ಈ ತೇಪೆಯನ್ನು ಗಮನಿಸುವುದೇ ಇಲ್ಲ.

ಎರಡು ಎಚ್ಚರಿಕೆ. ದೊಡ್ಡ ರಿಪೇರಿಯಲ್ಲಿ ಒಂದರ ಟರೆಟ್ ಇನ್ನೊಂದರ ಒಡಲಿಗೆ ಕೂರುವುದು ಸಾಮಾನ್ಯ. ಟರೆಟ್ಟಿನ ಏಟು ಮತ್ತು ಒಡಲಿನ ಏಟು ಒಂದೇ ದಿನದ್ದೆಂದು ಕಥೆ ಹೆಣೆಯುವ ಮುಂಚೆ ಎರಡರಲ್ಲೂ ಕೊರೆದ ಸಂಖ್ಯೆಗಳನ್ನು ಪ್ರತ್ಯೇಕ ಬರೆದುಕೊಳ್ಳಿ. ಬಣ್ಣದಲ್ಲಿ ಬರೆದ ಬಿಎ ನಂಬರ್ (ಸೇನಾ ವಾಹನದ ನೋಂದಣಿ ಸಂಖ್ಯೆ), ಟ್ಯಾಂಕಿನ ಹೆಸರು ಪ್ರದರ್ಶನಕ್ಕೆಂದೇ ಮತ್ತೆ ಬರೆದದ್ದಿರಬಹುದು, ಉಕ್ಕಿನಲ್ಲಿ ಕೊರೆದದ್ದೇ ಹೆಚ್ಚು ನಂಬಿಕೆಗೆ ಅರ್ಹ. ಎರಡನೆಯದು, ತೂತಿನ ಅಳತೆಯಿಂದ ಯಾರ ತೋಪು ಎಂದು ಹೇಳಲು ಹೋಗಬೇಡಿ. 1971ರ ಡಿಸೆಂಬರಿನಲ್ಲಿ ಛಂಬ್ ವಲಯದಲ್ಲಿ ನಮ್ಮ ಕಡೆ ಟಿ-54, ಟಿ-55ಗಳಿದ್ದವು. ಎದುರಾಳಿಯ ಬಳಿ ಚೀನಾದ ಟೈಪ್ 59ಗಳಿದ್ದವು, ಅಂದರೆ ಟಿ-54ರದೇ ಪಡಿಯಚ್ಚು. ಇಬ್ಬರದ್ದೂ 100 ಮಿ.ಮೀ. ತೋಪು. ಅಲ್ಲಿಯ ಎರಡು ಟ್ಯಾಂಕುಗಳನ್ನು ಪಕ್ಕಪಕ್ಕ ಇಟ್ಟರೆ ತೂತಿನ ಅಗಲದಿಂದ ಶತ್ರು-ಮಿತ್ರ ಭೇದ ಸಿಗುವುದಿಲ್ಲ.

ನಮ್ಮ ಮಳೆ ಮಾಡುವ ಮೋಸ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಮಡಿಕೇರಿಯೂ ಕಡಿಮೆಯೇನಲ್ಲ. ಇಂಥ ಊರುಗಳಲ್ಲಿ ಬಯಲಲ್ಲಿ ನಿಂತ ಉಕ್ಕಿಗೆ ತುಕ್ಕೇ ಕುಳಿ ತೋಡುತ್ತದೆ. ತುಕ್ಕಿನ ಕುಳಿಗೆ ಎದ್ದ ಅಂಚು ಇರುವುದಿಲ್ಲ. ನೀರು ನಿಲ್ಲುವ ಸಮತಟ್ಟು ಜಾಗದಲ್ಲಿ, ಬೆಸುಗೆಯ ಸಾಲಿನಲ್ಲಿ, ಮಡ್‌ಗಾರ್ಡಿನ ಮಡಿಕೆಯಲ್ಲಿ ಅದು ಸಾಲಾಗಿ ಬರುತ್ತದೆ. ಏಟು ಲೋಹವನ್ನು ತಳ್ಳಿ ಪಕ್ಕಕ್ಕೆ ರಾಶಿ ಹಾಕುತ್ತದೆ, ತುಕ್ಕು ತಿಂದು ಮುಗಿಸುತ್ತದೆ. ಬೆರಳ ತುದಿಯಿಂದ ಸವರಿದರೂ ವ್ಯತ್ಯಾಸ ತಿಳಿಯುತ್ತದೆ. ಆಗಸ್ಟ್ 15, ಜನವರಿ 26 ಬಂತೆಂದು ಹಳೆಯ ಬಣ್ಣದ ಮೇಲೆ ಹೊಸದನ್ನು ಬಳಿಯುತ್ತ ಹೋದರೆ ಆಳವಿಲ್ಲದ ಗುರುತುಗಳು ತುಂಬಿ ಮಾಯವಾಗುತ್ತವೆ.

ಹೋಗುವುದಾದರೆ ಮಳೆ ನಿಂತು ಪಾಚಿ ಒಣಗಿದ ಮೇಲೆ, ಡಿಸೆಂಬರಿನಿಂದ ಮಾರ್ಚಿನೊಳಗೆ ಹೋಗಿ. ನಡುಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ತಗ್ಗುಗಳು ನೆರಳು ಹಿಡಿದು ಎದ್ದು ಕಾಣುತ್ತವೆ. ನೆರಳಿನ ಬದಿಗೆ ಟಾರ್ಚನ್ನು ಟ್ಯಾಂಕಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ.

ಮುಂಚಿತವಾಗಿ ವಸ್ತುಸಂಗ್ರಹಾಲಯದವರ ಅನುಮತಿ ಕೇಳಿ. ಏನು ಮಾಡುತ್ತೀರಿ, ಯಾವುದನ್ನು ಮುಟ್ಟುತ್ತೀರಿ ಎಂದು ಬರೆದು ಕೊಟ್ಟರೆ ಅವರಿಗೂ ಧೈರ್ಯ. ಕೈಯಲ್ಲಿ ಅಳತೆ ಟೇಪು, ಸೆಂಟಿಮೀಟರ್ ಗೆರೆಯಿರುವ ಪಟ್ಟಿ, ಕ್ಯಾಮೆರಾ, ಟ್ಯಾಂಕಿನ ನಾಲ್ಕು ಬದಿಗಳ ಮತ್ತು ಮೇಲ್ನೋಟದ ರೇಖಾಚಿತ್ರ ಇದ್ದರೆ ಸಾಕು. ಪ್ರತಿ ಗುರುತಿಗೂ ರೇಖಾಚಿತ್ರದಲ್ಲಿ ಒಂದು ಸಂಖ್ಯೆ ಕೊಟ್ಟು, ದೂರದಿಂದ ಒಂದು, ಪಟ್ಟಿ ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು ಚಿತ್ರ ತೆಗೆಯಿರಿ. ಸೀಮೆಸುಣ್ಣದಲ್ಲಿ ಟ್ಯಾಂಕಿನ ಮೇಲೆಯೇ ಗುರುತು ಹಾಕಬೇಡಿ, ಬಣ್ಣ ಕೆರೆಯಬೇಡಿ. ಆಳವಾದ ನೇರ ತೂತಿದ್ದು, ಅನುಮತಿಯೂ ಇದ್ದರೆ ನಯವಾದ ಬಿದಿರುಕಡ್ಡಿ ತೂರಿಸಿ ಗುಂಡು ಬಂದ ದಿಕ್ಕಿನ ಚಿತ್ರವನ್ನು ಬದಿಯಿಂದ ತೆಗೆದುಕೊಳ್ಳಬಹುದು.

ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಒಬ್ಬರು ನಿಮ್ಮೂರಿನ ವೆಲ್ಡಿಂಗ್ ಕೆಲಸದವರು. ಗ್ಯಾಸ್ ಕಟ್ಟಿಂಗ್‌ನ ಅಂಚು, ಎಲೆಕ್ಟ್ರಿಕ್ ವೆಲ್ಡಿಂಗ್‌ನ ಸಾಲು, ಗ್ರೈಂಡರಿನ ಗೆರೆ ಇವನ್ನು ಪುಸ್ತಕ ಓದಿದವರಿಗಿಂತ ಅವರು ಬೇಗ ಹೇಳುತ್ತಾರೆ. ಇನ್ನೊಬ್ಬರು ಟ್ಯಾಂಕ್ ದಳದಲ್ಲೋ ಇಎಂಇಯಲ್ಲೋ ಇದ್ದ ನಿವೃತ್ತ ಸೈನಿಕರು. ನಮ್ಮ ತಾಲೂಕುಗಳಲ್ಲಿ ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸಬಹುದು. ಅವರ ಮಾತನ್ನು ಅವರದೇ ಶಬ್ದಗಳಲ್ಲಿ ಧ್ವನಿಮುದ್ರಿಸಿ, ತಾವು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಗೌರವದಿಂದಲೇ ಕೇಳಿ ಬೇರೆ ಬೇರೆ ಬರೆದುಕೊಳ್ಳಿ.

ಮೇಲೆ ಹತ್ತಬೇಡಿ, ಮಕ್ಕಳನ್ನು ಬ್ಯಾರೆಲ್ ಮೇಲೆ ಕೂರಿಸಬೇಡಿ. ಒಡೆದ ಉಕ್ಕಿನ ಅಂಚು ಚರ್ಮ ಸೀಳುತ್ತದೆ. ನಮ್ಮ ಕಡೆ ಮುಚ್ಚಿದ ಒಡಲಿನೊಳಗೆ ಕಡಜದ ಗೂಡು, ಹಾವು ಇರುವ ಸಾಧ್ಯತೆ ಯಾವಾಗಲೂ ಇದೆ, ತೂತಿಗೆ ಕೈ ಹಾಕಬಾರದು. ಹಳೆಯ ಸೇನಾ ವಾಹನಗಳ ಬಣ್ಣದಲ್ಲಿ ಸೀಸ, ಬ್ರೇಕಿನಲ್ಲಿ ಕಲ್ನಾರು, ಕತ್ತಲಲ್ಲಿ ಹೊಳೆಯುವ ಡಯಲುಗಳಲ್ಲಿ ರೇಡಿಯಂ ಇರುವುದುಂಟು. ಮುಟ್ಟಿದ ಮೇಲೆ ಕೈ ತೊಳೆಯದೆ ತಿಂಡಿ ತಿನ್ನಬೇಡಿ.

ಊರಿಗೆ ಟ್ಯಾಂಕ್ ತರುವವರಿಗೆ

ನಿವೃತ್ತ ಟ್ಯಾಂಕುಗಳನ್ನು ಸೇನೆ ಊರುಗಳಿಗೆ, ಕಾಲೇಜುಗಳಿಗೆ ಕೊಡುತ್ತದೆ. ಶಿವಮೊಗ್ಗಕ್ಕೂ ಟಿ-55 ಬಂದಿದೆ. ಮುಂದೊಂದು ದಿನ ಪುತ್ತೂರಿಗೋ ಸುಳ್ಯಕ್ಕೋ ಬಂದರೆ ಆಶ್ಚರ್ಯವಿಲ್ಲ. ಹಾಗೆ ಬಂದರೆ, ಲಾರಿಯಿಂದ ಇಳಿಸಿದ ದಿನವೇ, ಬಣ್ಣದ ಡಬ್ಬಿ ತೆರೆಯುವ ಮುಂಚೆ, ನಾಲ್ಕೂ ಬದಿಗಳ ಚಿತ್ರ ತೆಗೆದು ಗುರುತುಗಳ ಪಟ್ಟಿ ಮಾಡಿಸಿ. ಡಿಪೊದಿಂದ ಬರುವ ಕಾಗದಪತ್ರ ಮತ್ತು ಲಾಗ್ ಪುಸ್ತಕ ಸಿಗುವುದಾದರೆ ಅದರ ಪ್ರತಿಯನ್ನು ಪಂಚಾಯತ್ ಕಪಾಟಿನಲ್ಲಲ್ಲ, ಗ್ರಂಥಾಲಯದಲ್ಲಿಡಿ. ತೂತಿಗೆ ಪುಟ್ಟಿ ತುಂಬುವುದನ್ನು ಕಡ್ಡಾಯವಾಗಿ ತಡೆಯಿರಿ. ಒಳಗೆ ನೀರು ಹೋಗುತ್ತದೆಂಬ ಚಿಂತೆಯಿದ್ದರೆ ಒಳಬದಿಯಿಂದ ತೆಗೆಯಬಹುದಾದ ಮುಚ್ಚಳ ಇಡಬಹುದು, ತಳದಲ್ಲಿ ನೀರು ಬಸಿದುಹೋಗುವ ದಾರಿ ತೆರೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮೇಲೊಂದು ಮಾಡು ಹಾಕಿಸಿ. ತುಕ್ಕನ್ನು ಕಟ್ಟಿಹಾಕಲು ಸಂರಕ್ಷಕರು ಟ್ಯಾನಿಕ್ ಆಮ್ಲ ಬಳಸುತ್ತಾರೆ. ಅಡಿಕೆ ಚೊಗರಿನಲ್ಲೂ ಟ್ಯಾನಿನ್ ಇದೆಯಲ್ಲ ಎಂದು ಅದನ್ನೇ ಬಳಿಯಲು ಹೋಗಬೇಡಿ, ಶುದ್ಧ ದ್ರಾವಣವನ್ನು ಗೊತ್ತಿದ್ದವರ ಕೈಯಿಂದ ಹಾಕಿಸಬೇಕು.

ಫಲಕದ ಮೇಲೆ ಏನು ಬರೆಯಬೇಕೆಂಬುದು ಬಹಳ ಮುಖ್ಯ. ಮೊದಲು ಅಹಮದ್‌ನಗರವಾಗಿದ್ದ ಅಹಿಲ್ಯಾನಗರದ ಟ್ಯಾಂಕ್ ದಳದ ಕೇಂದ್ರದಲ್ಲಿ ‘ಫಾಮಗುಸ್ತಾ’ ಎಂಬ ಸೆಂಚುರಿಯನ್ ಉಳಿದಿದೆ. 1971ರ ಡಿಸೆಂಬರ್ 16ರಂದು ಬಸಂತರ್ ಯುದ್ಧದಲ್ಲಿ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಕೊನೆಯುಸಿರೆಳೆದದ್ದು ಆ ಟ್ಯಾಂಕಿನಲ್ಲಿ. ಅದರ ಮೈಮೇಲಿನ ಏಟಿನ ಜೊತೆ ಒಂದು ಹೆಸರು, ಒಂದು ದಿನಾಂಕ, ಒಂದು ಜಾಗ ಇದೆ. ಯಾವುದೋ ಗುರಿ ಮೈದಾನದ ತೂತಿಗೆ ‘1971ರ ಯುದ್ಧದಲ್ಲಿ ಶತ್ರುವಿನ ಗುಂಡು’ ಎಂದು ಬರೆದರೆ ಇಂಥ ನಿಜದ ಗುರುತಿನ ಬೆಲೆಯೂ ಇಳಿಯುತ್ತದೆ. ಏಟೇ ತಿನ್ನದೆ ಗಡಿಯಲ್ಲಿ ವರ್ಷಗಟ್ಟಲೆ ಸಜ್ಜಾಗಿ ನಿಂತು ನಿವೃತ್ತವಾದ ಟ್ಯಾಂಕಿಗೂ, ಅದರೊಳಗೆ ಬಿಸಿಲಲ್ಲಿ ಬೆಂದ ಸಿಬ್ಬಂದಿಗೂ ಅವರದೇ ಮರ್ಯಾದೆ ಇದೆ. ಅವರಿಗೆ ಇಲ್ಲದ ಗಾಯ ಅಂಟಿಸಬೇಕಾಗಿಲ್ಲ.

ಹಾಗಾಗಿ ಫಲಕದಲ್ಲಿ ಮೂರು ಬಗೆಯ ಮಾತು ಬೇರೆ ಬೇರೆ ಇರಲಿ. ದಾಖಲೆಯಿಂದ ತಿಳಿದದ್ದು: ಮಾದರಿ, ಸಂಖ್ಯೆ, ಯಾವ ಡಿಪೊದಿಂದ ಯಾವಾಗ ಬಂತು. ಗುರುತಿನಿಂದ ತಿಳಿದದ್ದು: ಬಲಬದಿಯಲ್ಲಿ ಇಷ್ಟು ಅಗಲದ ತೂತು, ಹೊರಗಿನಿಂದ ಒಳಕ್ಕೆ, ಇಂಥ ಜಾತಿಯ ಗುಂಡು, ಬೆಸುಗೆಯ ನಂತರದ್ದು. ಹಿರಿಯರು ಹೇಳಿದ್ದು: ಯಾರು, ಯಾವ ವರ್ಷ ಹೇಳಿದರು. ನೀವು ಮಾಡಿದ ರೇಖಾಚಿತ್ರ ಮತ್ತು ಚಿತ್ರಗಳ ಒಂದು ಪ್ರತಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟು, ಇನ್ನೊಂದನ್ನು ಶಾಲೆ ಅಥವಾ ಕಾಲೇಜಿನ ಗ್ರಂಥಾಲಯದಲ್ಲಿ ದಿನಾಂಕ ಹಾಕಿ ಇಡಿ. ಮುಂದಿನ ಬಾರಿ ಬಣ್ಣ ಬಳಿಯುವವರು ಬಂದಾಗ ಆ ಪ್ರತಿಯನ್ನು ಅವರ ಕೈಗೆ ಕೊಟ್ಟು, ಎಲ್ಲೆಲ್ಲಿ ಬ್ರಷ್ಷಿನಿಂದ ತೆಳುವಾಗಿ ಮಾತ್ರ ಬಳಿಯಬೇಕು, ಎಲ್ಲಿ ಕೆರೆಯಬಾರದು ಎಂದು ತೋರಿಸಿಕೊಡಿ.